ಕಡಿಮೆ ಬೆಲೆಯ ಲ್ಯಾಪ್‌ಟಾಪ್

ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಎಂದರೆ ವ್ಯಾಸಂಗ, ಬರವಣಿಗೆ, ಅಂತರಜಾಲದ ಬಳಕೆ, ವೀಡಿಯೊ ಪಾಠಗಳ ವೀಕ್ಷಣೆ ಮತ್ತು ಮನೆಯ ಲೆಕ್ಕಪತ್ರಗಳಂತಹ ದಿನನಿತ್ಯದ ಕೆಲಸಗಳಿಗಾಗಿ ತಯಾರಾಗಿ, ಮಾರುಕಟ್ಟೆಯ ಕೆಳಹಂತದ ಬೆಲೆಗೆ ದೊರೆಯುವ ಲ್ಯಾಪ್‌ಟಾಪ್ ಗಣಕಯಂತ್ರ. 2020ರ ದಶಕದ ಭಾರತದಲ್ಲಿ ಸಾಮಾನ್ಯವಾಗಿ 25,000 ರೂಪಾಯಿಗಳಿಂದ 45,000 ರೂಪಾಯಿಗಳವರೆಗಿನ ಯಂತ್ರಗಳನ್ನು ಈ ವರ್ಗಕ್ಕೆ ಸೇರಿಸಲಾಗುತ್ತದೆ. ಕಾಲೇಜಿಗೆ ಸೇರುವ ವಿದ್ಯಾರ್ಥಿಗಳೇ ಇವುಗಳ ಮುಖ್ಯ ಬಳಕೆದಾರರು. ಅನೇಕ ಮನೆಗಳಲ್ಲಿ ಇದು ಇಡೀ ಕುಟುಂಬ ಹಂಚಿಕೊಂಡು ಬಳಸುವ ಒಂದೇ ಗಣಕಯಂತ್ರವೂ ಆಗಿರುತ್ತದೆ.

ಬೆಲೆಯನ್ನು ತಗ್ಗಿಸುವ ಸಲುವಾಗಿ ತಯಾರಕರು ಇಂತಹ ಯಂತ್ರದ ಒಂದಲ್ಲ ಒಂದು ಭಾಗದಲ್ಲಿ ಕಡಿತ ಮಾಡಿರುತ್ತಾರೆ. ಹಾಗೆ ಕಡಿತಗೊಂಡ ಭಾಗವನ್ನು ಮುಂದೆ ಬದಲಿಸಲು ಸಾಧ್ಯವೇ ಇಲ್ಲವೇ ಎಂಬುದು ಯಂತ್ರದ ಬಾಳಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಪದವಿ ವ್ಯಾಸಂಗವು ಮೂರರಿಂದ ನಾಲ್ಕು ವರ್ಷಗಳ ಅವಧಿಯದ್ದಾದುದರಿಂದ, ಅಷ್ಟು ಕಾಲವಾದರೂ ತೊಡಕಿಲ್ಲದೆ ನಡೆಯುವ ಯಂತ್ರವನ್ನು ವಿಶ್ವಾಸಾರ್ಹವೆಂದು ಪರಿಗಣಿಸಬಹುದು.

ಇತಿಹಾಸ

ವಿದ್ಯಾರ್ಥಿಗಳಿಗಾಗಿಯೇ ಅಗ್ಗದ ಲ್ಯಾಪ್‌ಟಾಪ್ ತಯಾರಿಸುವ ಆಲೋಚನೆಗೆ ಜಗತ್ತಿನ ಗಮನ ದೊರೆತದ್ದು 2005ರಲ್ಲಿ. ಆ ವರ್ಷ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ನಿಕೊಲಸ್ ನೆಗ್ರೊಪಾಂಟೆಯವರು 100 ಡಾಲರ್ ಬೆಲೆಯ ಲ್ಯಾಪ್‌ಟಾಪ್ ಯೋಜನೆಯನ್ನು ಪ್ರಕಟಿಸಿದರು. 'ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್' ಎಂಬ ಹೆಸರಿನ ಈ ಯೋಜನೆಯ ಎಕ್ಸ್‌ಒ-1 ಯಂತ್ರದ ಸಾಮೂಹಿಕ ಉತ್ಪಾದನೆ 2007ರ ನವೆಂಬರ್‌ನಲ್ಲಿ ಆರಂಭವಾಯಿತು. ಅದರಲ್ಲಿ 433 ಮೆಗಾಹರ್ಟ್ಸ್ ವೇಗದ ಪ್ರೊಸೆಸರ್, 256 ಎಂಬಿ ರ‍್ಯಾಮ್, 1 ಜಿಬಿ ಫ್ಲ್ಯಾಶ್ ಸಂಗ್ರಹಣೆ ಮತ್ತು ಬಿಸಿಲಿನಲ್ಲಿಯೂ ಓದಬಹುದಾದ 7.5 ಅಂಗುಲದ ಪರದೆ ಇದ್ದವು. ಆದರೆ ಬೆಲೆಯನ್ನು 100 ಡಾಲರಿಗೆ ಇಳಿಸುವ ಗುರಿ ಈಡೇರಲಿಲ್ಲ. ಅದು ಸುಮಾರು 200 ಡಾಲರಿನ ಮಟ್ಟದಲ್ಲಿ ನಿಂತಿತು. ಭಾರತದ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವು 2006ರಲ್ಲಿಯೇ ಈ ಯೋಜನೆಯನ್ನು ತಿರಸ್ಕರಿಸಿತ್ತು.

ದಕ್ಷಿಣ ಅಮೆರಿಕದ ಉರುಗ್ವೆ ದೇಶವು 2007ರಲ್ಲಿ ಆರಂಭಿಸಿದ 'ಪ್ಲಾನ್ ಸೈಬಲ್' ಮೂಲಕ 2009ರ ಹೊತ್ತಿಗೆ ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆಲ್ಲ ಈ ಯಂತ್ರವನ್ನು ತಲುಪಿಸಿತು. ಪೆರು ದೇಶವೂ ದೊಡ್ಡ ಸಂಖ್ಯೆಯಲ್ಲಿ ಇವನ್ನು ಖರೀದಿಸಿತು. ಆದರೆ ಪೆರುವಿನ ಗ್ರಾಮೀಣ ಶಾಲೆಗಳನ್ನು ಕುರಿತು ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಣಿತ ಮತ್ತು ಭಾಷಾ ಪರೀಕ್ಷೆಗಳ ಅಂಕಗಳಲ್ಲಿ ಹೇಳಿಕೊಳ್ಳುವಂತಹ ಸುಧಾರಣೆ ಕಂಡುಬರಲಿಲ್ಲ. ಯಂತ್ರದ ಲಭ್ಯತೆಯಷ್ಟರಿಂದಲೇ ಕಲಿಕೆ ಉತ್ತಮಗೊಳ್ಳುವುದಿಲ್ಲ ಎಂಬ ವಾದಕ್ಕೆ ಈ ಅಧ್ಯಯನವನ್ನು ಆಧಾರವಾಗಿ ನೀಡಲಾಗುತ್ತದೆ.

ನೆಟ್‌ಬುಕ್ ಮತ್ತು ಕ್ರೋಮ್‌ಬುಕ್

ತೈವಾನಿನ ಏಸುಸ್ ಸಂಸ್ಥೆಯು 2007ರ ಅಕ್ಟೋಬರ್‌ನಲ್ಲಿ 7 ಅಂಗುಲದ ಪರದೆ, 512 ಎಂಬಿ ರ‍್ಯಾಮ್ ಮತ್ತು 4 ಜಿಬಿ ಸಂಗ್ರಹಣೆಯುಳ್ಳ 'ಈ ಪಿಸಿ 701' ಮಾದರಿಯನ್ನು ಬಿಡುಗಡೆ ಮಾಡಿತು. ಲಿನಕ್ಸ್ ಆಧಾರಿತವಾದ ಈ ಪುಟ್ಟ ಯಂತ್ರದ ಯಶಸ್ಸಿನಿಂದ 'ನೆಟ್‌ಬುಕ್' ಎಂಬ ಹೊಸ ವರ್ಗವೇ ಹುಟ್ಟಿಕೊಂಡಿತು. 2008ರಲ್ಲಿ ಇಂಟೆಲ್ ಸಂಸ್ಥೆಯು ಇಂತಹ ಯಂತ್ರಗಳಿಗೆಂದೇ ಆಟಮ್ ಪ್ರೊಸೆಸರನ್ನು ಹೊರತಂದಿತು. ಕಿರಿದಾದ ಕೀಲಿಮಣೆ ಮತ್ತು ನಿಧಾನಗತಿ ನೆಟ್‌ಬುಕ್‌ಗಳ ಮುಖ್ಯ ಕೊರತೆಗಳಾಗಿದ್ದವು. 2010ರಲ್ಲಿ ಐಪ್ಯಾಡ್ ಬಂದ ಬಳಿಕ ಅವುಗಳ ಬೇಡಿಕೆ ವೇಗವಾಗಿ ಕುಸಿಯಿತು. 2011ರ ಜೂನ್‌ನಲ್ಲಿ ಗೂಗಲ್‌ನ ಕ್ರೋಮ್ ಓಎಸ್ ವ್ಯವಸ್ಥೆಯನ್ನುಳ್ಳ ಮೊದಲ ಕ್ರೋಮ್‌ಬುಕ್‌ಗಳನ್ನು ಏಸರ್ ಮತ್ತು ಸ್ಯಾಮ್‌ಸಂಗ್ ಸಂಸ್ಥೆಗಳು ಮಾರುಕಟ್ಟೆಗೆ ತಂದವು. ಬಹುತೇಕ ಕೆಲಸಗಳನ್ನು ಬ್ರೌಸರ್ ಮೂಲಕವೇ ನಡೆಸುವ ಈ ಯಂತ್ರಗಳು ಅಮೆರಿಕದ ಶಾಲೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದವು.

ಭಾರತದಲ್ಲಿ

ಜನಸಾಮಾನ್ಯರಿಗೆ ಎಟುಕುವ ಗಣಕಯಂತ್ರದ ಪ್ರಯತ್ನಗಳಲ್ಲಿ ಬೆಂಗಳೂರಿಗೆ ಒಂದು ಸ್ಥಾನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಗಣಕವನ್ನು 2001ರಲ್ಲಿ ಅನಾವರಣಗೊಳಿಸಲಾಯಿತು. 2004ರಲ್ಲಿ ಅದು 'ಅಮಿಡಾ ಸಿಂಪ್ಯೂಟರ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದರೂ ನಿರೀಕ್ಷಿತ ಪ್ರಮಾಣದಲ್ಲಿ ಮಾರಾಟವಾಗಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ವಿದ್ಯಾರ್ಥಿಗಳಿಗಾಗಿ ಆಕಾಶ್ ಟ್ಯಾಬ್ಲೆಟನ್ನು ಬಿಡುಗಡೆ ಮಾಡಿತು. ಅದೇ ವರ್ಷ ತಮಿಳುನಾಡು ಸರ್ಕಾರವು ಸರ್ಕಾರಿ ಹಾಗೂ ಅನುದಾನಿತ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ನೀಡುವ ಯೋಜನೆಯನ್ನು ಆರಂಭಿಸಿತು. ಕರ್ನಾಟಕ ಸರ್ಕಾರವು 2021ರಲ್ಲಿ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್‌ಗಳನ್ನು ವಿತರಿಸಿತು. 2020ರಲ್ಲಿ ಕೋವಿಡ್-19 ಸಾಂಕ್ರಾಮಿಕದಿಂದ ತರಗತಿಗಳು ಅಂತರಜಾಲಕ್ಕೆ ವರ್ಗಾವಣೆಗೊಂಡಾಗ, ಮೊಬೈಲ್ ಫೋನಿನ ಪುಟ್ಟ ಪರದೆಯಲ್ಲಿ ಪಾಠ ಕೇಳಬಹುದಾದರೂ ಪ್ರಬಂಧ, ವರದಿ, ಪ್ರೋಗ್ರಾಮಿಂಗ್ ಮುಂತಾದ ಕೆಲಸಗಳಿಗೆ ಕೀಲಿಮಣೆಯುಳ್ಳ ಯಂತ್ರ ಅಗತ್ಯವೆಂಬುದು ಅನೇಕ ಕುಟುಂಬಗಳ ಅನುಭವಕ್ಕೆ ಬಂದಿತು.

ಬದಲಿಸಬಹುದಾದ ಮತ್ತು ಬದಲಿಸಲಾಗದ ಭಾಗಗಳು

ಲ್ಯಾಪ್‌ಟಾಪಿನ ಭಾಗಗಳನ್ನು ಬಾಳಿಕೆಯ ದೃಷ್ಟಿಯಿಂದ ಎರಡು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯ ಗುಂಪು, ಕೊಂಡ ಬಳಿಕ ಬದಲಿಸಲಾಗದ ಅಥವಾ ಬದಲಿಸಲು ಬಹಳ ವೆಚ್ಚ ತಗಲುವ ಭಾಗಗಳದ್ದು. ಪ್ರೊಸೆಸರ್, ಮದರ್‌ಬೋರ್ಡಿಗೆ ಬೆಸುಗೆ ಹಾಕಿದ ರ‍್ಯಾಮ್, ಇಎಂಎಂಸಿ ಸಂಗ್ರಹಣೆ, ಪರದೆ, ಹೊರಕವಚ ಹಾಗೂ ಹಿಂಜುಗಳು ಈ ಗುಂಪಿಗೆ ಸೇರುತ್ತವೆ. ಎರಡನೆಯ ಗುಂಪು, ಸಾಧಾರಣ ವೆಚ್ಚದಲ್ಲಿ ಬದಲಿಸಬಹುದಾದ ಭಾಗಗಳದ್ದು. ಸ್ಲಾಟಿನಲ್ಲಿ ಕೂರುವ ರ‍್ಯಾಮ್, ಎಂ.2 ಮಾದರಿಯ ಎಸ್‌ಎಸ್‌ಡಿ, ಬ್ಯಾಟರಿ ಮತ್ತು ಹಲವು ಮಾದರಿಗಳಲ್ಲಿ ವೈಫೈ ಕಾರ್ಡ್ ಈ ಗುಂಪಿನವು.

ಒಂದೇ ಬೆಲೆಯ ಎರಡು ಯಂತ್ರಗಳನ್ನು ಹೋಲಿಸುವಾಗ, ಮೊದಲನೆಯ ಗುಂಪಿನ ಭಾಗಗಳು ಉತ್ತಮವಾಗಿದ್ದು ಎರಡನೆಯ ಗುಂಪಿನಲ್ಲಿ ಕೊರತೆ ಇರುವ ಯಂತ್ರವು ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ. ಉದಾಹರಣೆಗೆ, ಉತ್ತಮ ಪ್ರೊಸೆಸರ್, 8 ಜಿಬಿ ರ‍್ಯಾಮ್ ಮತ್ತು ಒಂದು ಖಾಲಿ ರ‍್ಯಾಮ್ ಸ್ಲಾಟ್ ಇರುವ ಯಂತ್ರವನ್ನು ಎರಡು ವರ್ಷಗಳ ನಂತರ 16 ಜಿಬಿಗೆ ಏರಿಸಬಹುದು. ದುರ್ಬಲ ಪ್ರೊಸೆಸರ್ ಮತ್ತು ಬೆಸುಗೆ ಹಾಕಿದ 8 ಜಿಬಿ ರ‍್ಯಾಮ್ ಇರುವ ಯಂತ್ರವು ಕೊಂಡ ದಿನದ ಸಾಮರ್ಥ್ಯಕ್ಕೇ ಕೊನೆಯವರೆಗೂ ಸೀಮಿತವಾಗುತ್ತದೆ.

ಒಟ್ಟು ವೆಚ್ಚವನ್ನು ಬಳಕೆಯ ವರ್ಷಗಳಿಗೆ ಹಂಚಿ ನೋಡುವುದೂ ರೂಢಿಯಲ್ಲಿದೆ. 28,000 ರೂಪಾಯಿಯ ಯಂತ್ರವು ಎರಡು ವರ್ಷ ಬಾಳಿದರೆ ವರ್ಷಕ್ಕೆ 14,000 ರೂಪಾಯಿ ವೆಚ್ಚವಾದಂತೆ. 40,000 ರೂಪಾಯಿಯ ಯಂತ್ರವು ಐದು ವರ್ಷ ಬಾಳಿದರೆ ವರ್ಷಕ್ಕೆ 8,000 ರೂಪಾಯಿ ಮಾತ್ರ.

ಮುಖ್ಯ ಭಾಗಗಳು

ಪ್ರೊಸೆಸರ್

ಪ್ರೊಸೆಸರಿನ ವಾಣಿಜ್ಯ ಹೆಸರು ಅದರ ನಿಜವಾದ ಸಾಮರ್ಥ್ಯವನ್ನು ಯಾವಾಗಲೂ ಸೂಚಿಸುವುದಿಲ್ಲ. ಇಂಟೆಲ್‌ನ ಕೋರ್ ಐ3-1215ಯು ಪ್ರೊಸೆಸರಿನಲ್ಲಿ ಎರಡು ಅಧಿಕ ಸಾಮರ್ಥ್ಯದ ಮತ್ತು ನಾಲ್ಕು ಮಿತವ್ಯಯದ ತಿರುಳುಗಳಿವೆ. ಕೋರ್ ಐ3-ಎನ್305 ಪ್ರೊಸೆಸರಿನಲ್ಲಿ ಎಂಟು ತಿರುಳುಗಳಿದ್ದರೂ ಅವೆಲ್ಲವೂ ಮಿತವ್ಯಯದ ಬಗೆಯವು. ಎರಡಕ್ಕೂ 'ಐ3' ಎಂಬ ಒಂದೇ ಹೆಸರಿದೆ. ಇಂಟೆಲ್ ಸಂಸ್ಥೆಯು ಲ್ಯಾಪ್‌ಟಾಪ್‌ಗಳಲ್ಲಿ ಪೆಂಟಿಯಮ್ ಮತ್ತು ಸೆಲೆರಾನ್ ಹೆಸರುಗಳನ್ನು 2023ರಿಂದ ಕೈಬಿಟ್ಟು, ಅವುಗಳ ಸ್ಥಾನದಲ್ಲಿ 'ಇಂಟೆಲ್ ಪ್ರೊಸೆಸರ್' ಎಂಬ ಹೆಸರನ್ನು ಬಳಸುತ್ತಿದೆ. ಎನ್100, ಎನ್200 ಮುಂತಾದವು ಈ ವರ್ಗದವು. ಇವು ಬರವಣಿಗೆ ಮತ್ತು ಬ್ರೌಸಿಂಗ್‌ಗೆ ಸಾಲುತ್ತವೆಯಾದರೂ ಏಕಕಾಲದಲ್ಲಿ ಹಲವು ಕೆಲಸಗಳನ್ನು ನಡೆಸುವಾಗ ನಿಧಾನವಾಗುತ್ತವೆ.

ಎಎಂಡಿ ಸಂಸ್ಥೆಯ ರೈಜನ್ 7000 ಸರಣಿಯ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ ಸಂಖ್ಯೆಯ ಮೂರನೆಯ ಅಂಕಿಯು ಒಳವಿನ್ಯಾಸದ ಪೀಳಿಗೆಯನ್ನು ಸೂಚಿಸುತ್ತದೆ. ರೈಜನ್ 5 7520ಯು ಮಾದರಿಯಲ್ಲಿ ಮೂರನೆಯ ಅಂಕಿ 2 ಆಗಿದ್ದು, ಅದು 2019ರಲ್ಲಿ ಮೊದಲು ಬಂದ ಝೆನ್ 2 ವಿನ್ಯಾಸದ ನಾಲ್ಕು ತಿರುಳುಗಳ ಪ್ರೊಸೆಸರ್. ರೈಜನ್ 5 7530ಯು ಮಾದರಿಯು ಝೆನ್ 3 ವಿನ್ಯಾಸದ ಆರು ತಿರುಳುಗಳದ್ದು. ಕೇವಲ ಹತ್ತರ ಅಂತರವಿರುವ ಈ ಎರಡು ಸಂಖ್ಯೆಗಳ ನಡುವೆ ಸಾಮರ್ಥ್ಯದ ಅಂತರ ಗಣನೀಯವಾಗಿದೆ. ಮೇಲಾಗಿ 7520ಯು ಮಾದರಿಯು ಬೆಸುಗೆ ಹಾಕುವ ಎಲ್‌ಪಿಡಿಡಿಆರ್5 ರ‍್ಯಾಮಿನೊಂದಿಗೆ ಮಾತ್ರ ಕೆಲಸ ಮಾಡುವುದರಿಂದ ಅದರಲ್ಲಿ ರ‍್ಯಾಮ್ ವಿಸ್ತರಣೆಗೆ ಅವಕಾಶವಿರುವುದಿಲ್ಲ.

ರ‍್ಯಾಮ್

ವಿಂಡೋಸ್ 11 ಕಾರ್ಯಾಚರಣಾ ವ್ಯವಸ್ಥೆಗೆ ಕನಿಷ್ಠ 4 ಜಿಬಿ ರ‍್ಯಾಮ್ ಬೇಕೆಂದು ಮೈಕ್ರೋಸಾಫ್ಟ್ ನಿಗದಿಪಡಿಸಿದೆ. ಆದರೆ ಈ ಪ್ರಮಾಣದಲ್ಲಿ ಬ್ರೌಸರಿನ ಕೆಲವು ಟ್ಯಾಬ್‌ಗಳು ಮತ್ತು ವೀಡಿಯೊ ಕರೆ ಒಟ್ಟಿಗೆ ನಡೆಯುವಾಗ ಯಂತ್ರವು ತಡವರಿಸುತ್ತದೆ. ದಿನನಿತ್ಯದ ಬಳಕೆಗೆ 8 ಜಿಬಿಯನ್ನು ಕನಿಷ್ಠವೆಂದೂ, ಪ್ರೋಗ್ರಾಮಿಂಗ್ ಅಥವಾ ದೀರ್ಘಕಾಲದ ಬಳಕೆಗೆ 16 ಜಿಬಿಯನ್ನು ಸೂಕ್ತವೆಂದೂ ಪರಿಗಣಿಸಲಾಗುತ್ತದೆ. ವಿವರಣಾ ಪಟ್ಟಿಯಲ್ಲಿ 'ಎಲ್‌ಪಿಡಿಡಿಆರ್' ಎಂದಿದ್ದರೆ ಈ ಬೆಲೆಯ ಯಂತ್ರಗಳಲ್ಲಿ ರ‍್ಯಾಮ್ ಬೆಸುಗೆ ಹಾಕಿದ್ದು ಎಂದೇ ಅರ್ಥ. 'ಡಿಡಿಆರ್4' ಅಥವಾ 'ಡಿಡಿಆರ್5' ಎಂದಿದ್ದರೆ ಸ್ಲಾಟ್ ಇರುವ ಸಾಧ್ಯತೆ ಇದೆ. ಸ್ಲಾಟುಗಳ ಸಂಖ್ಯೆ ಮತ್ತು ಗರಿಷ್ಠ ಮಿತಿಯನ್ನು ತಯಾರಕರ ವಿವರಣಾ ಪಟ್ಟಿಯಲ್ಲಿ ಪರಿಶೀಲಿಸಬೇಕಾಗುತ್ತದೆ.

ಸಂಗ್ರಹಣೆ

ಅಗ್ಗದ ಯಂತ್ರಗಳಲ್ಲಿ ಮೂರು ಬಗೆಯ ಸಂಗ್ರಹಣೆ ಕಂಡುಬರುತ್ತದೆ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ನಿಧಾನವಾದುದು ಮತ್ತು ಬಿದ್ದಾಗ ಹಾಳಾಗುವ ಸಂಭವ ಹೆಚ್ಚು. ಹೊಸ ಯಂತ್ರಗಳಲ್ಲಿ ಅದು ವಿರಳವಾಗಿದ್ದರೂ ಬಳಸಿದ ಯಂತ್ರಗಳಲ್ಲಿ ಇನ್ನೂ ಸಿಗುತ್ತದೆ. ಇಎಂಎಂಸಿ ಎಂಬುದು ಮದರ್‌ಬೋರ್ಡಿಗೆ ಅಂಟಿಕೊಂಡ ಫ್ಲ್ಯಾಶ್ ಚಿಪ್ ಆಗಿದ್ದು, ಸಾಮಾನ್ಯವಾಗಿ 64 ಅಥವಾ 128 ಜಿಬಿ ಸಾಮರ್ಥ್ಯದಲ್ಲಿ ಬರುತ್ತದೆ. 64 ಜಿಬಿಯ ಯಂತ್ರದಲ್ಲಿ ವಿಂಡೋಸ್ ಮತ್ತು ಅದರ ಪರಿಷ್ಕರಣೆಗಳೇ ಹೆಚ್ಚಿನ ಜಾಗವನ್ನು ಆಕ್ರಮಿಸುವುದರಿಂದ, ಕ್ರಮೇಣ ಪರಿಷ್ಕರಣೆಗಳನ್ನು ಅಳವಡಿಸುವುದೂ ಕಷ್ಟವಾಗುತ್ತದೆ. ಎಸ್‌ಎಸ್‌ಡಿ ಇವೆರಡಕ್ಕಿಂತ ವೇಗವಾದುದು. ಸಾಟಾ ಸಂಪರ್ಕದ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿಯವರೆಗೆ ಓದಬಲ್ಲದು. ಎನ್‌ವಿಎಂಇ ಎಸ್‌ಎಸ್‌ಡಿ ಅದಕ್ಕಿಂತ ಹಲವು ಪಟ್ಟು ವೇಗವಾದುದು. ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಅಳವಡಿಸುವುದು ಅದನ್ನು ಚುರುಕುಗೊಳಿಸುವ ಅತ್ಯಂತ ಪರಿಣಾಮಕಾರಿ ಮಾರ್ಗಗಳಲ್ಲೊಂದು.

256 ಜಿಬಿಯ ಎಸ್‌ಎಸ್‌ಡಿಯನ್ನು ವಿಂಡೋಸ್ 238 ಜಿಬಿ ಎಂದು ತೋರಿಸುತ್ತದೆ. ಇದು ದೋಷವಲ್ಲ. ತಯಾರಕರು ಜಿಬಿಯನ್ನು ನೂರು ಕೋಟಿ ಬೈಟ್‌ಗಳೆಂದು ಎಣಿಸಿದರೆ, ವಿಂಡೋಸ್ ಅದನ್ನು 1,024ರ ಗುಣಕಗಳಲ್ಲಿ ಎಣಿಸುತ್ತದೆ.

ಪರದೆ

ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ 1366×768 ಮತ್ತು 1920×1080 ಚುಕ್ಕಿಗಳ ಪರದೆಗಳು ಸಾಮಾನ್ಯ. 15.6 ಅಂಗುಲದ ಪರದೆಯಲ್ಲಿ ಮೊದಲನೆಯದರ ಸಾಂದ್ರತೆ ಅಂಗುಲಕ್ಕೆ ಸುಮಾರು 100 ಚುಕ್ಕಿಗಳಾದರೆ ಎರಡನೆಯದರದ್ದು ಸುಮಾರು 141. ಕನ್ನಡ ಓದುವವರಿಗೆ ಈ ವ್ಯತ್ಯಾಸ ಮುಖ್ಯವಾದುದು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಕಿರಿದಾಗಿ ಮೂಡುವುದರಿಂದ ಕಡಿಮೆ ಸಾಂದ್ರತೆಯ ಪರದೆಯಲ್ಲಿ ಅವು ಮಸುಕಾಗುತ್ತವೆ. ಟಿಎನ್ ಬಗೆಯ ಪರದೆಗಳಲ್ಲಿ ನೋಡುವ ಕೋನ ಬದಲಾದಂತೆ ಬಣ್ಣಗಳು ಬದಲಾಗುತ್ತವೆ. ಐಪಿಎಸ್ ಬಗೆಯಲ್ಲಿ ಈ ತೊಂದರೆ ಕಡಿಮೆ. ಈ ವರ್ಗದ ಅನೇಕ ಪರದೆಗಳ ಪ್ರಕಾಶ 250 ನಿಟ್‌ಗಳ ಆಸುಪಾಸಿನಲ್ಲಿರುತ್ತದೆ. ಕೋಣೆಯೊಳಗೆ ಇದು ಸಾಕಾದರೂ ಬಯಲಿನಲ್ಲಿ ಅಥವಾ ಕಿಟಕಿಯ ಬೆಳಕಿಗೆ ಎದುರಾಗಿ ಕುಳಿತಾಗ ಓದುವುದು ಕಷ್ಟ.

ಬ್ಯಾಟರಿ ಮತ್ತು ಚಾರ್ಜರ್

ಬ್ಯಾಟರಿಯ ಸಾಮರ್ಥ್ಯವನ್ನು ವ್ಯಾಟ್-ಗಂಟೆಗಳಲ್ಲಿ ಅಳೆಯಲಾಗುತ್ತದೆ. 42 ವ್ಯಾಟ್-ಗಂಟೆಯ ಬ್ಯಾಟರಿಯುಳ್ಳ ಯಂತ್ರವು ಬರವಣಿಗೆಯ ವೇಳೆ ಸರಾಸರಿ 7 ವ್ಯಾಟ್ ಬಳಸಿದರೆ ಸುಮಾರು ಆರು ಗಂಟೆ ನಡೆಯುತ್ತದೆ. ವೀಡಿಯೊ ಕರೆಯ ವೇಳೆ 12 ವ್ಯಾಟ್ ಬಳಸಿದರೆ ಮೂರೂವರೆ ಗಂಟೆ ಮಾತ್ರ. ಜಾಹೀರಾತುಗಳಲ್ಲಿ ನಮೂದಿಸುವ ಅವಧಿಗಳನ್ನು ಸಾಮಾನ್ಯವಾಗಿ ಪರದೆಯ ಪ್ರಕಾಶವನ್ನು ತಗ್ಗಿಸಿ ಅಳೆದಿರುತ್ತಾರೆ. ಆದ್ದರಿಂದ ಗಂಟೆಗಳ ಸಂಖ್ಯೆಗಿಂತ ವ್ಯಾಟ್-ಗಂಟೆಗಳನ್ನು ಹೋಲಿಸುವುದು ಹೆಚ್ಚು ನಂಬಲರ್ಹ.

ಲೀಥಿಯಂ-ಅಯಾನ್ ಬ್ಯಾಟರಿಗಳು ಕೆಲವು ನೂರು ಬಾರಿ ಪೂರ್ಣವಾಗಿ ಚಾರ್ಜ್ ಆಗಿ ಖಾಲಿಯಾದ ಬಳಿಕ ತಮ್ಮ ಸಾಮರ್ಥ್ಯದ ಒಂದು ಭಾಗವನ್ನು ಕಳೆದುಕೊಳ್ಳುತ್ತವೆ. ಬಿಸಿಯಾದ ಸ್ಥಿತಿ ಮತ್ತು ಸದಾ ಶೇ. 100ರಷ್ಟು ಚಾರ್ಜ್ ಆಗಿರುವ ಸ್ಥಿತಿ ಈ ಸವೆತವನ್ನು ಹೆಚ್ಚಿಸುತ್ತವೆ. ಈ ಕಾರಣದಿಂದ ಹಲವು ತಯಾರಕರು ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸುವ ಸೌಲಭ್ಯವನ್ನು ಒದಗಿಸುತ್ತಾರೆ. ವಿದ್ಯುತ್ ಆಗಾಗ ಕಡಿತಗೊಳ್ಳುವ ಊರುಗಳಲ್ಲಿ ಬ್ಯಾಟರಿಯ ಸ್ಥಿತಿ ಯಂತ್ರದ ಉಪಯುಕ್ತತೆಯನ್ನೇ ನಿರ್ಧರಿಸುತ್ತದೆ. ಯುಎಸ್‌ಬಿ-ಸಿ ಕಿಂಡಿಯಿಂದ ಚಾರ್ಜ್ ಆಗುವ ಯಂತ್ರಗಳಿಗೆ ಬದಲಿ ಚಾರ್ಜರ್ ಸುಲಭವಾಗಿ ದೊರೆಯುತ್ತದೆ. ಆದರೆ ಎಲ್ಲ ಯುಎಸ್‌ಬಿ-ಸಿ ಕಿಂಡಿಗಳೂ ಚಾರ್ಜಿಂಗ್‌ಗೆ ಬೆಂಬಲ ನೀಡುವುದಿಲ್ಲ.

ಹೊರಕವಚ, ಹಿಂಜು ಮತ್ತು ಕೀಲಿಮಣೆ

ಅಗ್ಗದ ಯಂತ್ರಗಳಲ್ಲಿ ಪರದೆಯನ್ನು ಹಿಡಿದಿರುವ ಹಿಂಜಿನ ತಿರುಪುಗಳನ್ನು ಹಲವೊಮ್ಮೆ ಪ್ಲಾಸ್ಟಿಕ್ ಕವಚದಲ್ಲಿ ಹುದುಗಿಸಿದ ಪುಟ್ಟ ಲೋಹದ ಬಿಲ್ಲೆಗಳಿಗೆ ಬಿಗಿದಿರುತ್ತಾರೆ. ಪರದೆಯನ್ನು ಒಂದು ಮೂಲೆಯಿಂದ ಹಿಡಿದು ತೆರೆಯುವ ಅಭ್ಯಾಸದಿಂದ ಕಾಲಕ್ರಮದಲ್ಲಿ ಈ ಪ್ಲಾಸ್ಟಿಕ್ ಒಡೆದು ಹಿಂಜು ಕಿತ್ತುಬರುತ್ತದೆ. ಪರದೆಯನ್ನು ನಡುಭಾಗದಲ್ಲಿ ಹಿಡಿದು ತೆರೆದರೆ ಒತ್ತಡವು ಎರಡೂ ಹಿಂಜುಗಳಿಗೆ ಸಮನಾಗಿ ಹಂಚಿಹೋಗುತ್ತದೆ. ಹಾಸಿಗೆ ಅಥವಾ ದಿಂಬಿನ ಮೇಲೆ ಇಟ್ಟು ಬಳಸಿದಾಗ ತಳದ ಗಾಳಿಕಿಂಡಿಗಳು ಮುಚ್ಚಿಕೊಂಡು ಯಂತ್ರವು ಬಿಸಿಯಾಗುತ್ತದೆ. ಹೀಗೆ ಬಿಸಿಯಾದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಕಾರ್ಯಾಚರಣಾ ವ್ಯವಸ್ಥೆ ಮತ್ತು ಬೆಂಬಲದ ಅವಧಿ

ಯಂತ್ರಾಂಶ ಸುಸ್ಥಿತಿಯಲ್ಲಿದ್ದರೂ ತಂತ್ರಾಂಶದ ಬೆಂಬಲ ಮುಗಿದಾಗ ಲ್ಯಾಪ್‌ಟಾಪಿನ ಸುರಕ್ಷಿತ ಬಳಕೆಯ ಅವಧಿ ಮುಗಿಯುತ್ತದೆ. ವಿಂಡೋಸ್ 7 ವ್ಯವಸ್ಥೆಗೆ ಬೆಂಬಲ 2020ರ ಜನವರಿ 14ರಂದೂ, ವಿಂಡೋಸ್ 10 ವ್ಯವಸ್ಥೆಗೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದೂ ಕೊನೆಗೊಂಡಿತು. 2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ವಿಂಡೋಸ್ 11 ವ್ಯವಸ್ಥೆಗೆ ಟಿಪಿಎಂ 2.0 ಎಂಬ ಭದ್ರತಾ ಘಟಕ, 64 ಜಿಬಿ ಸಂಗ್ರಹಣೆ ಮತ್ತು ಬಹುಮಟ್ಟಿಗೆ ಇಂಟೆಲ್‌ನ ಎಂಟನೆಯ ಪೀಳಿಗೆಯ ಅಥವಾ ನಂತರದ ಪ್ರೊಸೆಸರ್ ಅಗತ್ಯ. ಏಳನೆಯ ಪೀಳಿಗೆಯ ಪ್ರೊಸೆಸರುಳ್ಳ ಹೆಚ್ಚಿನ ಯಂತ್ರಗಳು, ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ, ಈ ನಿಯಮದಿಂದ ಹೊರಗುಳಿದವು.

ಕ್ರೋಮ್‌ಬುಕ್‌ಗಳಿಗೆ ಸ್ವಯಂಚಾಲಿತ ಪರಿಷ್ಕರಣೆ ನಿಲ್ಲುವ ದಿನಾಂಕ ಮೊದಲೇ ನಿಗದಿಯಾಗಿರುತ್ತದೆ. 2021ರಿಂದ ಬಿಡುಗಡೆಯಾದ ಮಾದರಿಗಳಿಗೆ ಹತ್ತು ವರ್ಷಗಳ ಪರಿಷ್ಕರಣೆ ನೀಡುವುದಾಗಿ ಗೂಗಲ್ 2023ರಲ್ಲಿ ಪ್ರಕಟಿಸಿತು. ಈ ಅವಧಿಯನ್ನು ಕೊಂಡ ದಿನದಿಂದಲ್ಲದೆ ಮಾದರಿಯ ಬಿಡುಗಡೆಯಿಂದ ಎಣಿಸಲಾಗುವುದರಿಂದ, ರಿಯಾಯಿತಿಯಲ್ಲಿ ಸಿಗುವ ಹಳೆಯ ಮಾದರಿಗೆ ಉಳಿದಿರುವ ವರ್ಷಗಳು ಕಡಿಮೆ.

ಉಬುಂಟು, ಡೆಬಿಯನ್, ಲಿನಕ್ಸ್ ಮಿಂಟ್ ಮುಂತಾದ ಲಿನಕ್ಸ್ ವಿತರಣೆಗಳು ಉಚಿತವಾಗಿದ್ದು, ವಿಂಡೋಸ್ 11 ಸ್ವೀಕರಿಸದ ಹಳೆಯ ಯಂತ್ರಗಳಲ್ಲಿಯೂ ನಡೆಯುತ್ತವೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶ ಆಧಾರಿತ ವ್ಯವಸ್ಥೆಯೇ ಬಳಕೆಯಲ್ಲಿದೆ. ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳನ್ನು ವಿಂಡೋಸ್ ಇಲ್ಲದೆ 'ಡಾಸ್' ಎಂಬ ನಮೂದಿನೊಂದಿಗೆ ಮಾರಲಾಗುತ್ತದೆ. ವಿಂಡೋಸ್ ಬೇಕಾದವರಿಗೆ ಪರವಾನಗಿಯ ವೆಚ್ಚವನ್ನು ಸೇರಿಸಿದಾಗ ಇವುಗಳ ಬೆಲೆ ಅಗ್ಗವಾಗಿ ಉಳಿಯುವುದಿಲ್ಲ.

ಕನ್ನಡದ ಬಳಕೆ

ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ತುಂಗಾ ಮತ್ತು ವಿಂಡೋಸ್ 8ರಿಂದ ನಿರ್ಮಲಾ ಯುಐ ಎಂಬ ಅಕ್ಷರಶೈಲಿಗಳು ವ್ಯವಸ್ಥೆಯೊಂದಿಗೇ ಬರುತ್ತಿರುವುದರಿಂದ, ಇಂದಿನ ಯಾವುದೇ ಅಗ್ಗದ ಲ್ಯಾಪ್‌ಟಾಪಿನಲ್ಲಿ ಕನ್ನಡ ಓದಲು ಪ್ರತ್ಯೇಕ ವ್ಯವಸ್ಥೆ ಬೇಕಿಲ್ಲ. ಬರೆಯಲು ವಿಂಡೋಸಿನಲ್ಲಿ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸವಿದೆ. 2019ರ ಪರಿಷ್ಕರಣೆಯಿಂದ ಧ್ವನ್ಯಾತ್ಮಕ ವಿನ್ಯಾಸವೂ ಸೇರಿದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಗೆ ಒಗ್ಗಿಕೊಂಡವರು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು ಬಳಸುತ್ತಾರೆ. ಲಿನಕ್ಸ್‌ನಲ್ಲಿ ಐಬಸ್ ಎಂಬ ಸಾಧನದ ಮೂಲಕ ಕನ್ನಡ ಬರೆಯಬಹುದು.

ಯೂನಿಕೋಡ್‌ಗಿಂತ ಹಿಂದಿನ ಸಂಕೇತಗಳಲ್ಲಿ ಸಿದ್ಧಪಡಿಸಿದ ನುಡಿ ಹಾಗೂ ಬರಹ ಕಡತಗಳು ಕಚೇರಿಗಳಲ್ಲಿ ಮತ್ತು ಮುದ್ರಣಾಲಯಗಳಲ್ಲಿ ಇನ್ನೂ ಚಾಲ್ತಿಯಲ್ಲಿವೆ. ಇಂತಹ ಕಡತಗಳನ್ನು ಓದಲು ಆಯಾ ಅಕ್ಷರಶೈಲಿ ಅಥವಾ ಪರಿವರ್ತಕ ಬೇಕಾಗುತ್ತದೆ. ಈ ಕೆಲಸವಿರುವವರು ಕ್ರೋಮ್‌ಬುಕ್ ಅಥವಾ ಲಿನಕ್ಸ್ ಯಂತ್ರವನ್ನು ಕೊಳ್ಳುವ ಮೊದಲು ತಮ್ಮ ಕಡತಗಳು ಅದರಲ್ಲಿ ತೆರೆಯುತ್ತವೆಯೇ ಎಂದು ಪರಿಶೀಲಿಸುವುದು ಅಗತ್ಯ.

ವ್ಯಾಸಂಗಕ್ಕೆ ತಕ್ಕ ಆಯ್ಕೆ

ಕಲೆ, ಭಾಷೆ ಮತ್ತು ಸಮಾಜ ವಿಜ್ಞಾನಗಳ ವಿದ್ಯಾರ್ಥಿಗಳಿಗೆ ಬರವಣಿಗೆ ಮತ್ತು ಓದು ಮುಖ್ಯವಾದುದರಿಂದ ಉತ್ತಮ ಪರದೆ ಮತ್ತು ಕೀಲಿಮಣೆಗೆ ಆದ್ಯತೆ ಸಲ್ಲುತ್ತದೆ. ಲಿಬ್ರೆ ಆಫೀಸ್‌ನಂತಹ ಉಚಿತ ತಂತ್ರಾಂಶ ಈ ಕೆಲಸಗಳಿಗೆ ಸಾಕು.

ವಾಣಿಜ್ಯ ವಿಭಾಗದವರು ಬಳಸುವ ಟ್ಯಾಲಿಯು ಬೆಂಗಳೂರಿನ ಟ್ಯಾಲಿ ಸೊಲ್ಯೂಷನ್ಸ್ ಸಂಸ್ಥೆಯ ತಂತ್ರಾಂಶ. ಅದನ್ನು ವಿಂಡೋಸ್‌ಗಾಗಿ ರೂಪಿಸಲಾಗಿರುವುದರಿಂದ ಅವರಿಗೆ ಕ್ರೋಮ್‌ಬುಕ್ ಸೂಕ್ತವಲ್ಲ.

ಗಣಕ ವಿಜ್ಞಾನದ ವಿದ್ಯಾರ್ಥಿಗಳಿಗೆ ಪೈಥಾನ್, ಸಿ, ಜಾವಾ ಭಾಷೆಗಳ ಆರಂಭಿಕ ಕಲಿಕೆಗೆ 8 ಜಿಬಿ ರ‍್ಯಾಮ್ ಸಾಲುತ್ತದೆ. ಆದರೆ ಆಂಡ್ರಾಯ್ಡ್ ಸ್ಟುಡಿಯೊ ಅಥವಾ ವರ್ಚುವಲ್ ಯಂತ್ರಗಳನ್ನು ನಡೆಸಲು 16 ಜಿಬಿ ಬೇಕಾಗುತ್ತದೆ. ಯಂತ್ರ ಮತ್ತು ಸಿವಿಲ್ ಎಂಜಿನಿಯರಿಂಗ್, ವಾಸ್ತುಶಿಲ್ಪ ವಿಷಯಗಳಲ್ಲಿ ಮೂರು ಆಯಾಮದ ವಿನ್ಯಾಸಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಘಟಕ ಬೇಕಾಗುವ ಸಂದರ್ಭಗಳಿವೆ. ಅಂತಹ ಯಂತ್ರಗಳು ಸಾಮಾನ್ಯವಾಗಿ ಈ ಬೆಲೆಯ ಮಿತಿಯನ್ನು ಮೀರುತ್ತವೆ. ಮೊದಲ ವರ್ಷಗಳಲ್ಲಿ ಈ ತಂತ್ರಾಂಶಗಳ ಅಗತ್ಯ ಕಡಿಮೆ ಇರುವ ಕಡೆ, ಕಾಲೇಜಿನ ಪ್ರಯೋಗಾಲಯದ ಯಂತ್ರಗಳನ್ನು ಅವಲಂಬಿಸಿ ಖರೀದಿಯನ್ನು ಮುಂದೂಡುವುದೂ ಒಂದು ಆಯ್ಕೆ.

ನವೀಕರಿಸಿದ ಲ್ಯಾಪ್‌ಟಾಪ್‌ಗಳು

ದೊಡ್ಡ ಸಂಸ್ಥೆಗಳು ಮೂರು ನಾಲ್ಕು ವರ್ಷ ಬಳಸಿ ಹಿಂದಿರುಗಿಸಿದ ಲ್ಯಾಪ್‌ಟಾಪ್‌ಗಳನ್ನು ಶುಚಿಗೊಳಿಸಿ, ದುರಸ್ತಿ ಮಾಡಿ ಮರುಮಾರಾಟ ಮಾಡಲಾಗುತ್ತದೆ. ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್ ಸರಣಿಗಳ ಯಂತ್ರಗಳು ಇವುಗಳಲ್ಲಿ ಹೆಚ್ಚು. ಕಚೇರಿ ಬಳಕೆಗಾಗಿ ತಯಾರಾದ ಇವುಗಳ ಹಿಂಜು ಮತ್ತು ಕೀಲಿಮಣೆ ಗಟ್ಟಿಯಾಗಿದ್ದು, ಅನೇಕ ಮಾದರಿಗಳಲ್ಲಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಬದಲಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆ ಮತ್ತು ದೆಹಲಿಯ ನೆಹರೂ ಪ್ಲೇಸ್ ಗಣಕಯಂತ್ರಗಳ ಮತ್ತು ಬಿಡಿಭಾಗಗಳ ಹೆಸರಾಂತ ಮಾರುಕಟ್ಟೆಗಳು.

ಇಂತಹ ಖರೀದಿಯಲ್ಲಿ ಪರಿಶೀಲಿಸಬೇಕಾದ ಅಂಶಗಳು ಇವು:

1. ಪ್ರೊಸೆಸರಿನ ಪೀಳಿಗೆ. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ನಂತರದ್ದು ಬೇಕು.
2. ಬಯೋಸ್ ಗುಪ್ತಪದ. ಹಿಂದಿನ ಸಂಸ್ಥೆ ಹಾಕಿದ ಬೀಗ ಉಳಿದಿದ್ದರೆ ಯಂತ್ರದ ವ್ಯವಸ್ಥೆಗಳನ್ನು ಬದಲಿಸಲಾಗದು.
3. ಬ್ಯಾಟರಿಯ ಸ್ಥಿತಿ. ವಿಂಡೋಸ್‌ನ ಬ್ಯಾಟರಿ ವರದಿಯಲ್ಲಿ ಮೂಲ ಸಾಮರ್ಥ್ಯ ಮತ್ತು ಈಗಿನ ಪೂರ್ಣ ಸಾಮರ್ಥ್ಯ ಎರಡೂ ನಮೂದಾಗಿರುತ್ತವೆ.
4. ಪರದೆಯ ಮೇಲಿನ ಕಲೆಗಳು, ಕೀಲಿಮಣೆಯ ಪ್ರತಿಯೊಂದು ಕೀಲಿ, ಎಲ್ಲ ಕಿಂಡಿಗಳು, ಕ್ಯಾಮೆರಾ ಮತ್ತು ಮೈಕ್.
5. ಬಿಲ್ಲಿನಲ್ಲಿ ಯಂತ್ರದ ಕ್ರಮಸಂಖ್ಯೆ ಮತ್ತು ವಾರಂಟಿಯ ಅವಧಿಯ ನಮೂದು.

ಖರೀದಿ, ವಾರಂಟಿ ಮತ್ತು ಗ್ರಾಹಕರ ಹಕ್ಕುಗಳು

ಒಂದೇ ಸರಣಿಯ ಹೆಸರಿನಲ್ಲಿ ಬೇರೆ ಬೇರೆ ಪರದೆ, ರ‍್ಯಾಮ್ ಮತ್ತು ಪ್ರೊಸೆಸರುಗಳುಳ್ಳ ಹಲವು ಮಾದರಿಗಳು ಮಾರಾಟವಾಗುತ್ತವೆ. ಆದುದರಿಂದ ಹೆಸರಿನ ಬದಲು ಪೂರ್ಣ ಮಾದರಿ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹೋಲಿಸುವುದು ಸೂಕ್ತ. ಭಾರತದಲ್ಲಿ ಮಾರಾಟವಾಗುವ ಲ್ಯಾಪ್‌ಟಾಪ್‌ಗಳಿಗೆ ಭಾರತೀಯ ಮಾನಕ ಸಂಸ್ಥೆಯ ಕಡ್ಡಾಯ ನೋಂದಣಿ ಇದೆ. ನೋಂದಾಯಿತ ಉತ್ಪನ್ನದ ಮೇಲೆ ಮಾನಕ ಚಿಹ್ನೆಯೂ 'ಆರ್' ಅಕ್ಷರದಿಂದ ಆರಂಭವಾಗುವ ಸಂಖ್ಯೆಯೂ ಇರುತ್ತವೆ. ಚಾರ್ಜರ್‌ಗಳಿಗೂ ಈ ನಿಯಮ ಅನ್ವಯಿಸುತ್ತದೆ. ಗುರುತಿಲ್ಲದ ಅಗ್ಗದ ಬದಲಿ ಚಾರ್ಜರ್‌ಗಳು ಯಂತ್ರಕ್ಕೂ ಬಳಕೆದಾರರಿಗೂ ಅಪಾಯಕಾರಿ.

ಹೊಸ ಅಗ್ಗದ ಲ್ಯಾಪ್‌ಟಾಪ್‌ಗಳಿಗೆ ಸಾಮಾನ್ಯವಾಗಿ ಒಂದು ವರ್ಷದ ವಾರಂಟಿ ಇರುತ್ತದೆ. ಬಿದ್ದು ಒಡೆದ ಪರದೆ, ನೀರು ಚೆಲ್ಲಿ ಆದ ಹಾನಿ ಅದರಲ್ಲಿ ಸೇರುವುದಿಲ್ಲ. ಅವುಗಳಿಗೆ ಪ್ರತ್ಯೇಕ ರಕ್ಷಣಾ ಯೋಜನೆ ಕೊಳ್ಳಬೇಕಾಗುತ್ತದೆ. ತಂತ್ರಜ್ಞರು ಮನೆಗೆ ಬರುವರೋ, ಯಂತ್ರವನ್ನು ಸೇವಾಕೇಂದ್ರಕ್ಕೆ ಒಯ್ಯಬೇಕೋ ಎಂಬುದು ಜಿಲ್ಲಾ ಕೇಂದ್ರದಿಂದ ದೂರವಿರುವವರಿಗೆ ಬೆಲೆಯಷ್ಟೇ ಮುಖ್ಯ. ಸೇವಾಕೇಂದ್ರವು ಬೇರೆ ಜಿಲ್ಲೆಯಲ್ಲಿದ್ದರೆ ಪ್ರತಿಯೊಂದು ದುರಸ್ತಿಗೂ ಪ್ರಯಾಣದ ವೆಚ್ಚ ಮತ್ತು ಪಾಠದ ದಿನಗಳು ಕಳೆದುಹೋಗುತ್ತವೆ.

ದೋಷಯುಕ್ತ ಉತ್ಪನ್ನ ಅಥವಾ ಸೇವಾ ನ್ಯೂನತೆಯ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ನೀಡಬಹುದು. ಸಾಮಾನ್ಯವಾಗಿ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. 5 ಲಕ್ಷ ರೂಪಾಯಿಗಳವರೆಗಿನ ಪ್ರಕರಣಗಳಿಗೆ ಶುಲ್ಕವಿಲ್ಲ. ವಕೀಲರ ನೆರವಿಲ್ಲದೆ ಸ್ವತಃ ವಾದಿಸಲು ಅವಕಾಶವಿದೆ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಈ ಎಲ್ಲ ಸಂದರ್ಭಗಳಲ್ಲಿಯೂ ಬಿಲ್ ಮುಖ್ಯ ಪುರಾವೆ.

ಮರುಬಳಕೆ ಮತ್ತು ವಿಲೇವಾರಿ

ಹಳೆಯ ಲ್ಯಾಪ್‌ಟಾಪಿಗೆ ಹೊಸ ಎಸ್‌ಎಸ್‌ಡಿ, ಹೊಸ ಬ್ಯಾಟರಿ ಅಥವಾ ಹೆಚ್ಚುವರಿ ರ‍್ಯಾಮ್ ಅಳವಡಿಸಿ, ಬೇಕಾದರೆ ಲಿನಕ್ಸ್ ಸ್ಥಾಪಿಸಿ, ಮನೆಯ ಕಿರಿಯ ಸದಸ್ಯರ ಓದಿಗೆ ಇನ್ನೂ ಕೆಲವು ವರ್ಷ ಬಳಸುವುದು ಸಾಧ್ಯ. ಬಳಕೆಗೆ ಬಾರದ ಯಂತ್ರಗಳನ್ನು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ 2022ರ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳ ಪ್ರಕಾರ ನೋಂದಾಯಿತ ಸಂಸ್ಕರಣಾ ವ್ಯವಸ್ಥೆಗೆ ತಲುಪಿಸಬೇಕು. ಉಬ್ಬಿದ ಬ್ಯಾಟರಿಯನ್ನು ಚುಚ್ಚುವುದು, ಒತ್ತುವುದು ಅಥವಾ ಮನೆಯ ಕಸದೊಂದಿಗೆ ಹಾಕುವುದು ಬೆಂಕಿಗೆ ಕಾರಣವಾಗಬಹುದು. ಯಂತ್ರವನ್ನು ಮಾರುವ ಅಥವಾ ದಾನ ಮಾಡುವ ಮುನ್ನ ಕಡತಗಳ ಪ್ರತಿ ತೆಗೆದಿಟ್ಟುಕೊಂಡು, ಖಾತೆಗಳಿಂದ ನಿರ್ಗಮಿಸಿ, ಸಂಗ್ರಹಣೆಯನ್ನು ಪೂರ್ಣವಾಗಿ ಅಳಿಸುವುದರಿಂದ ವೈಯಕ್ತಿಕ ಮಾಹಿತಿಯ ದುರುಪಯೋಗವನ್ನು ತಡೆಯಬಹುದು.